ಕೆಲಸಕ್ಕೆ ಹೋಗೋ ಅಮ್ಮಂದಿರು ಸ್ಕೂಲ್ ಪಾಠದ ಮೇಲೆ ಮನೇಲಿ ಏನು ಹೇಳ್ಕೊಡ್ತೀರಿ? ಎಷ್ಟು ಹೊತ್ತು?

ಸುಂಟಿಕೊಪ್ಪ_ಟೀಚರ್
ಎಲ್ರಿಗೂ ನಮಸ್ಕಾರ. ನಾನು ಹೈಸ್ಕೂಲಲ್ಲಿ ಮ್ಯಾಥ್ಸ್ ಟೀಚರ್. ಮಗಳು ನಾಲ್ಕನೇ ಕ್ಲಾಸು, ಅವಳದ್ದು ಬೇರೆ ಸ್ಕೂಲು, ಇಂಗ್ಲಿಷ್ ಮೀಡಿಯಂ. ಮನೇಲಿ ನಾವು ಮಾತಾಡೋದು ನಮ್ಮ ಕೊಡಗಿನ ಕಡೆಯ ಅರೆಭಾಷೆ, ತೋಟದ ಕೆಲಸಕ್ಕೆ ಬರೋರ ಜೊತೆ ಕನ್ನಡ, ಸ್ವಲ್ಪ ಮಲಯಾಳ, ಸ್ಕೂಲ್ ಗೇಟ್ ದಾಟಿದ್ರೆ ಇಂಗ್ಲಿಷ್. ನಾನು ಬಸ್ ಇಳಿದು ಮನೆ ಸೇರೋವಾಗ ಐದೂವರೆ ದಾಟಿರುತ್ತೆ, ಮಳೆಗಾಲದಲ್ಲಿ ಇನ್ನೂ ತಡ, ಬಂದು ಒದ್ದೆ ಬಟ್ಟೆ ಬದಲಾಯಿಸಿ ಅಡುಗೆ ಮನೆಗೆ ಹೋಗಿ ನಾಳೆಗೆ ನನ್ನ ಪಾಠದ ತಯಾರಿನೂ ನೋಡ್ಕೊಂಡು ಮಗಳ ಜೊತೆ ಕೂರೋಕೆ ಸಿಗೋದು ಅರ್ಧ ಗಂಟೆ, ಹೆಚ್ಚಂದ್ರೆ ಮುಕ್ಕಾಲು ಗಂಟೆ.

ವಿಷ್ಯ ಏನಂದ್ರೆ ಮಾರ್ಕ್ಸ್ ಚೆನ್ನಾಗೇ ಬರ್ತಿದೆ. 403ರಲ್ಲಿ 178 ಕಳಿ ಅಂದ್ರೆ ಸೊನ್ನೆ ಇದ್ರೂ ದಶಕ ತಗೊಂಡು ಸರಿಯಾಗಿ 225 ಬರೀತಾಳೆ. ಆದ್ರೆ "ಬುಟ್ಟಿಯಿಂದ 15 ಕಿತ್ತಳೆ ಪಕ್ಕದ ಮನೆಗೆ ಕೊಟ್ಟ ಮೇಲೆ 28 ಉಳಿದವು, ಮೊದಲು ಎಷ್ಟಿತ್ತು" ಅಂತ ಕೇಳಿದ್ರೆ ಉಳಿದವು ಅನ್ನೋ ಪದ ಕಂಡ ತಕ್ಷಣ ಕಳೆದು 13 ಅಂತಾಳೆ. ಕೊಟ್ಟ ಮೇಲೇನೇ 28 ಇದೆಯಲ್ಲ ಮಗಾ, ಕೊಡೋಕೆ ಮುಂಚೆ ಅದಕ್ಕಿಂತ ಕಮ್ಮಿ ಹೇಗೆ ಇರುತ್ತೆ ಅಂದ್ರೆ ಮುಖ ನೋಡ್ತಾಳೆ. ಸ್ಕೂಲಲ್ಲಿ ಟೋಟಲ್ ಅಂದ್ರೆ ಕೂಡು, ಲೆಫ್ಟ್ ಅಂದ್ರೆ ಕಳೆ ಅಂತ ಕಲಿಸಿದ್ದಾರೆ. ಅವರ ಕಷ್ಟನೂ ಗೊತ್ತು, ಕ್ಲಾಸ್ ತುಂಬ ಮಕ್ಕಳು, ಪೋರ್ಷನ್ ಮುಗಿಸ್ಬೇಕು. ಆದ್ರೆ ಇದೇ ಮಕ್ಕಳು ನಾಲ್ಕೈದು ವರ್ಷ ಆದ್ಮೇಲೆ ನನ್ನ ಕ್ಲಾಸಿಗೆ ಬಂದು ಕೂರ್ತಾರೆ, ಲೆಕ್ಕ ಓದೋಕೆ ಮುಂಚೆ "ಮಿಸ್ ಇದು ಯಾವ ಸೂತ್ರ" ಅಂತ ಕೇಳ್ತಾರೆ. ಅದಕ್ಕೇ ಈಗಲೇ ಹಿಡೀಬೇಕು ಅನ್ನೋದು ನನ್ನ ಹಠ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಮನೇಲಿ ಇನ್ನೊಂದು ಸ್ಕೂಲ್ ನಡೆಸಬಾರದು. ಸ್ಕೂಲಲ್ಲಿ ಮಾಡಿದ್ದನ್ನೇ ಮತ್ತೆ ಬರೆಸೋದು ಬೇಡ, ಮುಂದಿನ ಪಾಠ ಮೊದಲೇ ಓಡಿಸೋದೂ ಬೇಡ. ನಲವತ್ತು ಮಕ್ಕಳ ಕ್ಲಾಸಲ್ಲಿ ಯಾವುದಕ್ಕೆ ಸಮಯ ಸಿಗಲ್ವೋ ಅದು ಮಾತ್ರ ಮನೇಲಿ ಆಗಬೇಕು, ಅಂದ್ರೆ ಮಗು ಬಾಯಿಬಿಟ್ಟು ವಿವರಿಸೋದು, ಕೈಯಲ್ಲಿ ಅಳೆಯೋದು, ತೂಗೋದು, ಕಥೆ ಕೇಳಿ ತಿರುಗಿ ಹೇಳೋದು. ನೀವೆಲ್ಲ ಏನ್ ಮಾಡ್ತೀರಿ? ಕೆಲಸಕ್ಕೆ ಹೋಗೋರು ವಿಶೇಷವಾಗಿ ಹೇಳಿ.

ವಿರಾಜಪೇಟೆ_ಸಿಸ್ಟರ್
ಅಕ್ಕ ನಾನು ಸ್ಟಾಫ್ ನರ್ಸ್, ಶಿಫ್ಟ್ ಡ್ಯೂಟಿ. ನೈಟ್ ಇದ್ದ ವಾರ ಮಗನ ಮುಖ ನೋಡೋದೇ ಬೆಳಿಗ್ಗೆ ಅವನು ಶೂ ಹಾಕ್ಕೊಳ್ಳೋವಾಗ. ದಿನಾ ಇಂತಿಷ್ಟು ಹೊತ್ತಿಗೆ ಕೂರ್ಸು ಅನ್ನೋ ಸಲಹೆ ಎಲ್ಲ ಕಡೆ ಕೊಡ್ತಾರೆ, ನನ್ನಂಥವರಿಗೆ ಅದು ಆಗಲ್ಲ. ಮಗ ಮೂರನೇ ಕ್ಲಾಸು, ಕನ್ನಡ ಒತ್ತಕ್ಷರ ಬಂದ್ರೆ ನಿಂತುಬಿಡ್ತಾನೆ. ಟ್ಯೂಷನ್‌ಗೆ ಹಾಕು ಅಂತ ಯಜಮಾನ್ರು. ಅಲ್ಲಿ ಹೋಮ್‌ವರ್ಕ್ ಮುಗಿಸಿ ಕಳಿಸ್ತಾರೆ ಅಷ್ಟೇ, ಓದೋಕೆ ಬರುತ್ತಾ ಇಲ್ವಾ ಯಾರೂ ನೋಡಲ್ಲ.

ಗೋಣಿಕೊಪ್ಪ_ಅಪ್ಪ
ಟೀಚರೇ ನಿಮಗೆ ಆಗುತ್ತೆ ಯಾಕಂದ್ರೆ ನೀವು ಟೀಚರ್. ನನ್ನದು ಹಾರ್ಡ್‌ವೇರ್ ಅಂಗಡಿ, ಮನೆಯವಳು ಸೊಸೈಟಿಲಿ ಕ್ಲರ್ಕ್, ಇಬ್ರಿಗೂ ಇಂಗ್ಲಿಷ್ ಪುಸ್ತಕ ನೋಡಿದ್ರೆ ತಲೆ ಬಿಸಿ. ಟ್ಯೂಷನ್ ಬಿಟ್ರೆ ನಮಗೆ ಬೇರೆ ದಾರಿ ಇಲ್ಲ. ನಿಮ್ಮ ಹತ್ರಾನೇ ಕಳಿಸ್ಲಾ ಫೀಸ್ ಕೊಡ್ತೀವಿ.

ಸುಂಟಿಕೊಪ್ಪ_ಟೀಚರ್
ಅಣ್ಣ ಬೇಸರ ಮಾಡ್ಕೋಬೇಡಿ, ಅದು ಆಗಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಟೀಚರ್ ಆಗಿರೋರು ಖಾಸಗಿ ಟ್ಯೂಷನ್ ಮಾಡೋ ಹಾಗಿಲ್ಲ. ಅದು ಸರಿಯಾದ ಕಾನೂನೇ ಅಂತ ನನ್ನ ನಂಬಿಕೆ, ಬೆಳಿಗ್ಗೆ ಕ್ಲಾಸಲ್ಲಿ ಅರ್ಧ ಹೇಳಿ ಸಂಜೆ ದುಡ್ಡಿಗೆ ಉಳಿದರ್ಧ ಹೇಳೋ ಪರಿಸ್ಥಿತಿ ಬರಬಾರದಲ್ವಾ.

ಆದ್ರೆ ಇಂಗ್ಲಿಷ್ ಬರದೇ ಇದ್ರೆ ಕೈಕಟ್ಟಿ ಕೂರ್ಬೇಕು ಅನ್ನೋದು ನಾನು ಒಪ್ಪಲ್ಲ. ನೀವು ಅಂಗಡಿಲಿ ದಿನಾ ಪೈಪ್ ಅಳೆದು ಕಟ್ ಮಾಡಿ ಕೊಡ್ತೀರಿ, ಇಂಚು ಫೀಟು ಮೀಟರ್ ಎಲ್ಲ ನಿಮ್ಮ ನಾಲಿಗೆ ತುದೀಲಿದೆ. 20 ಫೀಟ್ ಪೈಪಲ್ಲಿ ಮೂರೂವರೆ ಫೀಟಿನ ತುಂಡು ಎಷ್ಟು ಬರುತ್ತೆ, ಎಷ್ಟು ವೇಸ್ಟ್ ಅಂತ ಮಗನ್ನ ಕೇಳಿ. ಐದು ತುಂಡು, ಎರಡೂವರೆ ಫೀಟ್ ಉಳಿಯುತ್ತೆ ಅಂತ ಅವನು ಟೇಪ್ ಹಿಡಿದು ನೋಡಿ ಹೇಳಿದ್ರೆ ಭಾಗಾಕಾರ, ಶೇಷ, ಭಿನ್ನರಾಶಿ ಮೂರೂ ಬಂತು. ಯಾವ ಭಾಷೇಲಿ ಹೇಳಿದ್ರೂ ಆಯ್ತು. ಅರ್ಥ ಆಗಿದ್ರೆ ಅದನ್ನ ಇಂಗ್ಲಿಷಲ್ಲಿ ಬರೆಯೋದು ಆಮೇಲಿನ ಕೆಲಸ.

ನಿವೃತ್ತ_ಮೇಷ್ಟ್ರು_ಸೋಮವಾರಪೇಟೆ
ಅಮ್ಮಾ ಟೀಚರೇ, ನಿಮ್ಮ ಮಾತು ಓದಿ ಖುಷಿಯಾಯ್ತು. ನಾನು ಸರ್ಕಾರಿ ಪ್ರೈಮರಿ ಶಾಲೇಲಿ ಮುಖ್ಯೋಪಾಧ್ಯಾಯ ಆಗಿ ರಿಟೈರ್ ಆದವನು, ನಲಿಕಲಿ, ಅಂದ್ರೆ ಕಾರ್ಡು ಹಿಡಿದು ಆಡ್ತಾ ಕಲಿಯೋ ಪದ್ಧತಿ, ಅದರ ತರಬೇತಿ ತಗೊಂಡು ವರ್ಷಗಟ್ಟಲೆ ಮಾಡಿದ್ದೀನಿ. ನಮ್ಮ ಪಕ್ಕದ ಎಚ್.ಡಿ. ಕೋಟೆ ತಾಲೂಕಲ್ಲಿ 1995ರಲ್ಲಿ ಶುರುವಾಗಿದ್ದು ಅದು. ಅದರಲ್ಲಿ ಒಂದೊಂದು ಮಗುವೂ ಮೆಟ್ಟಿಲ ಮೇಲೆ ತನ್ನ ಜಾಗ ಎಲ್ಲಿದೆಯೋ ಅಲ್ಲಿಂದ ಮುಂದೆ ಹೋಗುತ್ತೆ, ಕ್ಲಾಸಿಗೆಲ್ಲ ಒಂದೇ ಪಾಠ ಅಂತ ಇಲ್ಲ. ಮೂರನೇ ಕ್ಲಾಸ್ ತನಕ ಈ ಕಾರ್ಡು, ಮೆಟ್ಟಿಲು, ಗುಂಪು ಎಲ್ಲ ಇರುತ್ತೆ, ನಾಲ್ಕಕ್ಕೆ ಬಂದ ಕೂಡ್ಲೆ ದಪ್ಪ ಪುಸ್ತಕ, ಪ್ರಶ್ನೋತ್ತರ. ಎಷ್ಟೋ ಮಕ್ಕಳು ಅಲ್ಲೇ ಮುಗ್ಗರಿಸೋದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಮನೇಲಿ ಹೇಳ್ಕೊಡೋರು ಇದನ್ನ ಗಮನದಲ್ಲಿ ಇಟ್ಕೊಳ್ಳಿ. ಮಗು ಯಾವ ಕ್ಲಾಸಲ್ಲಿದೆ ಅನ್ನೋದು ಬಿಟ್ಟು ಯಾವ ಮೆಟ್ಟಿಲಲ್ಲಿ ನಿಂತಿದೆ ಅಂತ ನೋಡಿ.

ಸಿಸ್ಟರ್, ನಿಮ್ಮ ಮಗ ಒತ್ತಕ್ಷರದಲ್ಲಿ ನಿಲ್ತಾನೆ ಅಂದ್ರಲ್ಲ, ಮೂರನೇ ಕ್ಲಾಸಿನ ಪಾಠ ಓದಿಸೋದು ಸ್ವಲ್ಪ ದಿನ ನಿಲ್ಲಿಸಿ. ಅಮ್ಮ ಅಕ್ಕ ಅಣ್ಣ ಅಜ್ಜ ಹಳ್ಳ ಬೆಟ್ಟ, ಇವೆಲ್ಲ ಸಜಾತಿ ಒತ್ತು, ಅದೇ ಅಕ್ಷರಕ್ಕೆ ಅದೇ ಒತ್ತು. ಇದು ಸಲೀಸಾದ ಮೇಲೆ ಪುಸ್ತಕ, ಹಸ್ತ, ಚಂದ್ರ, ಸೂರ್ಯ. ತ, ಮ, ಯ, ರ, ನ ಒತ್ತುಗಳು ಮೂಲ ಅಕ್ಷರದ ಥರ ಕಾಣಲ್ಲ, ಅದಕ್ಕೇ ಮಕ್ಕಳು ತಡವರಿಸೋದು. ಅವನ್ನ ಬೇರೆ ಮಾಡಿ ದಿನಕ್ಕೊಂದು ತೋರಿಸಿ. ಮಡಿಕೇರಿ, ವಿರಾಜಪೇಟೆ ಎರಡರಲ್ಲೂ ಒತ್ತು ಇಲ್ಲ, ಗೋಣಿಕೊಪ್ಪ, ಸುಂಟಿಕೊಪ್ಪ, ಸಿದ್ದಾಪುರದಲ್ಲಿ ಇದೆ. ಬಸ್ಸಿನ ಬೋರ್ಡು ಓದಿಸಿ ಸಾಕು.

ವಿರಾಜಪೇಟೆ_ಸಿಸ್ಟರ್
ಮೇಷ್ಟ್ರೆ ಕೈ ಮುಗೀತೀನಿ. ಬಸ್ಸಿನ ಬೋರ್ಡು ನಂಗೆ ಹೊಳೆದೇ ಇರ್ಲಿಲ್ಲ, ನಾವು ಬಸ್‌ಸ್ಟ್ಯಾಂಡಲ್ಲಿ ದಿನಾ ಕಾಯ್ತೀವಿ.

ಕುಶಾಲನಗರ_ಅಮ್ಮ
ಎಲ್ರೂ ಬೈತೀರೇನೋ, ಆದ್ರೂ ಹೇಳ್ತೀನಿ. ಮಗು ಎಂಟು ಗಂಟೆಗೆ ವ್ಯಾನ್ ಹತ್ತುತ್ತೆ, ನಾಲ್ಕೂವರೆಗೆ ಇಳಿಯುತ್ತೆ. ಮನೆಗೆ ಬಂದ್ರೂ ಅಮ್ಮ ಟೀಚರ್ ಆಗಿ ಕೂತ್ರೆ ಆ ಮಗುವಿಗೆ ಅಮ್ಮ ಯಾರು? ಮಳೆ ನೋಡೋಕೆ ಬಿಡಲ್ಲ, ಮಳೆ ಅಳೆ ಅಂತೀರಿ. ನಮ್ಮ ಅಮ್ಮಂದಿರು ನಮಗೆ ಏನೂ ಹೇಳ್ಕೊಡ್ಲಿಲ್ಲ, ನಾವು ಓದಲಿಲ್ವಾ?

ಸುಂಟಿಕೊಪ್ಪ_ಟೀಚರ್
ಬೈಯೋ ಮಾತೇ ಇಲ್ಲ ಅಕ್ಕ, ಕೇಳಲೇಬೇಕಾದ ಪ್ರಶ್ನೆ ಇದು. ಮಗು ಸುಸ್ತಾಗಿ ಬಂದ ದಿನ ಪುಸ್ತಕ ಮುಟ್ಟಿಸೋದೇ ಇಲ್ಲ. ಕೇಂದ್ರ ಸರ್ಕಾರದ 2020ರ ಸ್ಕೂಲ್ ಬ್ಯಾಗ್ ನೀತೀಲೇ ಎರಡನೇ ಕ್ಲಾಸ್ ತನಕ ಹೋಮ್‌ವರ್ಕ್ ಬೇಡ, ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚಂದ್ರೆ ಎರಡು ಗಂಟೆ ಅಂತ ಇದೆ. ವಾರಕ್ಕೆ, ದಿನಕ್ಕಲ್ಲ. ನಮ್ಮ ಮಕ್ಕಳ ಡೈರಿ ನೋಡಿದ್ರೆ ಅದು ಎರಡೇ ದಿನಕ್ಕೆ ಮುಗಿದುಹೋಗುತ್ತೆ. ಹಾಗಾಗಿ ಪೇರೆಂಟ್ಸ್ ಮೀಟಿಂಗಲ್ಲಿ ಮೊದಲು ಕೇಳಬೇಕಾದ್ದು ಹೋಮ್‌ವರ್ಕ್ ಕಮ್ಮಿ ಮಾಡಿ ಅಂತ, ಜಾಸ್ತಿ ಕೊಡಿ ಅಂತಲ್ಲ.

ಅಮ್ಮಂದಿರು ಏನೂ ಹೇಳ್ಕೊಡ್ಲಿಲ್ಲ ಅಂದ್ರಲ್ಲ, ಅದು ಮಾತ್ರ ನಂಗೆ ಒಪ್ಪಿಗೆ ಇಲ್ಲ. ಕಡುಬಿಗೆ ಒಂದು ಪಾವು ತರಿಗೆ ಎರಡು ಪಾವು ನೀರು ಇಡು, ಇವತ್ತು ನೆಂಟರು ಇದ್ದಾರೆ ಒಂದು ಸೇರು ತರಿ ಹಾಕು, ನೀರು ಎಷ್ಟು ಅಂತ ನನ್ನ ಅಮ್ಮ ಕೇಳ್ತಿದ್ರು. ನಾಲ್ಕು ಪಾವಿಗೆ ಒಂದು ಸೇರು ಅಂತ ಗೊತ್ತಿದ್ರೆ ತಾನೇ ಉತ್ತರ ಬರೋದು. ಅನುಪಾತ ನಾನು ಅಲ್ಲೇ ಕಲ್ತಿದ್ದು. ಈಗ ನಾವು ಅಡುಗೆ ಮನೇಲಿ ಅವಸರಕ್ಕೆ ಮಕ್ಕಳನ್ನ ಹೊರಗೆ ಕಳಿಸಿ ಮೊಬೈಲ್ ಕೊಟ್ಟು, ಆಮೇಲೆ ಟ್ಯೂಷನ್‌ಗೆ ಹಾಕ್ತಿದ್ದೀವಿ.

ಮಳೆ ಅಳೆಯೋ ಮಾತು ಬಂತಲ್ಲ, ಅದನ್ನೇ ಹೇಳ್ತೀನಿ, ಯಾಕಂದ್ರೆ ನಮ್ಮ ಮನೇಲಿ ಇದು ನಾನು ಹೇಳಿ ಶುರುವಾಗಿದ್ದಲ್ಲ. ಮಾವನವರು ತೋಟದ ಮಳೆ ಬರೆದಿಡ್ತಾರೆ, ಕೊಡಗಲ್ಲಿ ತುಂಬ ಮನೆಗಳಲ್ಲಿ ಇರೋ ಅಭ್ಯಾಸ, ಇಂಚು ಸೆಂಟ್ ಲೆಕ್ಕ, ನೂರು ಸೆಂಟ್ ಅಂದ್ರೆ ಒಂದು ಇಂಚು. ಈ ವರ್ಷ ಮೊಮ್ಮಗಳು ನಾನು ಬರೀತೀನಿ ಅಂತ ಪುಸ್ತಕ ತಗೊಂಡ್ಳು. ಎರಡು ಇಂಚು ಐದು ಸೆಂಟ್ ಅಂತ ಅಜ್ಜ ಹೇಳಿದ್ರು, ಇವಳು 2.5 ಅಂತ ಬರೆದ್ಳು. ಅಜ್ಜ ಕನ್ನಡಕ ಹಾಕಿ ನೋಡಿ ಎರಡೂವರೆ ಇಂಚು ಎಲ್ಲಿ ಬಿತ್ತು ಮಗಾ ಅಂದ್ರು. ಇವಳು ಹಠ, ಪಾಯಿಂಟ್ ಐದು ಅಂದ್ರೆ ಐದೇ ಅಲ್ವಾ ಅಂತ. ನಾನು ನಡುವೆ ಹೋಗಲಿಲ್ಲ. ಅಜ್ಜ ಎರಡು ರೂಪಾಯಿ ಐದು ಪೈಸೆ, ಎರಡು ರೂಪಾಯಿ ಐವತ್ತು ಪೈಸೆ ಅಂತ ಶುರು ಮಾಡಿದ್ರು, ಇವಳು ಪೈಸೆ ನೋಡೇ ಇಲ್ಲ, ಅದು ಕೆಲಸ ಮಾಡ್ಲಿಲ್ಲ. ಆಮೇಲೆ ಗ್ರಾಫ್ ಹಾಳೇಲಿ ಹತ್ತು ಹತ್ತರ ಚೌಕ ಗೀಚಿ ಇದು ಒಂದು ಇಂಚು, ಒಂದೊಂದು ಮನೆ ಒಂದೊಂದು ಸೆಂಟ್ ಅಂತ ಕೊಟ್ಟೆ, ಐದು ಸೆಂಟಿಗೆ ಬಣ್ಣ ಹಾಕಿದ್ಳು, ಅರ್ಧ ಇಂಚಿಗೆ ಎಷ್ಟು ಮನೆ ಅಂತ ಕೇಳಿದೆ, ಐವತ್ತು ಮನೆ ಬಣ್ಣ ಹಾಕೋವಷ್ಟರಲ್ಲಿ ಅವಳೇ ಪುಸ್ತಕ ತೆಗೆದು 2.05 ಅಂತ ತಿದ್ದಿದ್ಳು. ದಶಮಾಂಶದಲ್ಲಿ ಆ ಸೊನ್ನೆ ಯಾಕೆ ಬೇಕು ಅಂತ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಹೇಳೋಕೆ ನಾನು ಎಷ್ಟು ಒದ್ದಾಡ್ತೀನಿ ಅಂತ ನಂಗೇ ಗೊತ್ತು. ಒಂದು ಇಂಚು ಅಂದ್ರೆ 25.4 ಮಿಲಿಮೀಟರ್, ಹಾಗಾಗಿ 2.5ಕ್ಕೂ 2.05ಕ್ಕೂ 11 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ವ್ಯತ್ಯಾಸ.

ಇನ್ನೊಂದು ದಿನ ಅಂಗಳದಲ್ಲಿ ಬಕೆಟ್ಟೂ ಇಟ್ಟಿದ್ಳು, ನೆಟ್ಟಗೆ ಇರೋ ಸ್ಟೀಲ್ ಡಬ್ಬಾನೂ ಇಟ್ಟಿದ್ಳು. ಸ್ಕೇಲ್ ಹಾಕಿದ್ರೆ ಬಕೆಟ್ಟಲ್ಲಿ ನೀರು ಎತ್ತರ ಜಾಸ್ತಿ. ಬಕೆಟ್ ಮೇಲೆ ಜಾಸ್ತಿ ಮಳೆ ಬಿತ್ತಾ ಅಂತ ಕೇಳಿದ್ಳು. ಉತ್ತರ ಹೇಳ್ಬೇಡಿ ಅಂತ ಮನೆಯವರಿಗೂ ಕಣ್ಸನ್ನೆ ಮಾಡಿದೆ. ಎರಡು ದಿನ ಬಿಟ್ಟು ಸ್ನಾನ ಮಾಡ್ತಾ ಮಾಡ್ತಾ ಅವಳೇ ಕೂಗಿ ಹೇಳಿದ್ಳು, ಬಕೆಟ್ ಬಾಯಿ ಅಗಲ, ತಳ ಸಣ್ಣ, ಅಗಲ ಬಾಯಲ್ಲಿ ಬಿದ್ದ ನೀರೆಲ್ಲ ಸಣ್ಣ ತಳಕ್ಕೆ ಇಳಿಯುತ್ತೆ ಅಂತ. ಅಕ್ಕ, ಇದು ನಾನು ಟೀಚರ್ ಆಗಿ ಕೂತು ಮಾಡಿದ ಪಾಠ ಅಲ್ಲ, ಮಳೆ ನೋಡೋಕೆ ಬಿಟ್ಟಿದ್ದಕ್ಕೇ ಬಂದಿದ್ದು.

ಮಾದಾಪುರ_ಅವ್ವ
ಟೀಚರೇ ಮಳೆ ಅಳೆಯೋ ಬಗ್ಗೆ ನಾನೂ ಒಂದು ಮಾತು. 2018ರ ಆಗಸ್ಟಲ್ಲಿ ಗುಡ್ಡ ಜರಿದ ಮೇಲೆ ನಮ್ಮ ಕಡೆ ಮಕ್ಕಳಿಗೆ ರಾತ್ರಿ ಜೋರು ಮಳೆ ಬಂದ್ರೆ ನಿದ್ದೆ ಇಲ್ಲ. ನನ್ನ ದೊಡ್ಡವಳು ಆಗ ಯುಕೆಜಿ, ಈಗಲೂ ಗುಡ್ಡ ಜರಿಯುತ್ತಾ ಅವ್ವ ಅಂತ ಕೇಳ್ತಾಳೆ. ನಾವು ಪ್ಲಾಸ್ಟಿಕ್ ಬಾಟ್ಲಿ ಮೇಲಿನ ಭಾಗ ಕತ್ತರಿಸಿ ತಲೆಕೆಳಗೆ ಕೂರ್ಸಿ ಅಳೆಯೋಕೆ ಶುರು ಮಾಡಿದ್ವಿ, ತಳ ಉಬ್ಬುತಗ್ಗು ಇರುತ್ತಲ್ಲ, ಅದಕ್ಕೆ ಕಲ್ಲು ಹಾಕಿ ನೀರು ತುಂಬಿಸಿ ಅಲ್ಲಿಂದ ಮೇಲೆ ಸೊನ್ನೆ ಗುರುತು. ನಿನ್ನೆಗಿಂತ ಇವತ್ತು ಕಮ್ಮಿ ಅಂತ ಅವಳೇ ನೋಡಿದ್ರೆ ಸ್ವಲ್ಪ ಧೈರ್ಯ. ಜಾಸ್ತಿ ಇದ್ರೆ ಏನ್ ಮಾಡ್ಬೇಕು, ಯಾರ ಮನೆಗೆ ಹೋಗ್ಬೇಕು, ಬ್ಯಾಗಲ್ಲಿ ಏನಿರ್ಬೇಕು ಅಂತ ಮಾತಾಡ್ತೀವಿ. ಇದೂ ಓದೇ ಅಂತ ನಾನು ಅಂದ್ಕೊಂಡಿದ್ದೀನಿ.

ಸುಂಟಿಕೊಪ್ಪ_ಟೀಚರ್
ಓದೇ ಅವ್ವ. ಇದಕ್ಕಿಂತ ಬೇಕಾದ ಓದು ನಮ್ಮ ಜಿಲ್ಲೆ ಮಕ್ಕಳಿಗೆ ಇನ್ಯಾವುದು.

ಲೈನ್‌ಮನೆ_ಹುಡುಗಿ
ನಾನು ಸಿದ್ದಾಪುರ ಹತ್ರ ಒಂದು ಎಸ್ಟೇಟ್ ಲೈನ್ ಮನೇಲಿ, ಅಂದ್ರೆ ತೋಟದ ಕೆಲಸದವರ ಸಾಲುಮನೇಲಿ ಬೆಳೆದವಳು, ಈಗ ಬಿ.ಕಾಂ ಮುಗಿಸಿ ಆಫೀಸ್ ಕೆಲಸದಲ್ಲಿದ್ದೀನಿ. ಇಲ್ಲಿ ಬರೆಯೋರೆಲ್ಲ ಓದು ಗೊತ್ತಿರೋ ಮನೆಯವರು, ತಪ್ಪು ತಿಳ್ಕೋಬೇಡಿ. ನಮ್ಮಮ್ಮ ಕಾಫಿ ಕೊಯ್ಯೋ ಸೀಸನಲ್ಲಿ ಕತ್ತಲಾದ ಮೇಲೆ ಮನೆಗೆ ಬರೋರು, ಅವರಿಗೆ ಓದೋಕೆ ಬರಲ್ಲ. ಅಂಥ ಮನೆ ಮಕ್ಕಳಿಗೆ ಯಾರು ಅಳೆಸ್ತಾರೆ, ಯಾರು ಕಥೆ ಹೇಳ್ತಾರೆ? ಈಗ ನನ್ನ ತಮ್ಮ ಐದನೇ ಕ್ಲಾಸು, ಆನೆ ಇದೆ ಅಂದ್ರೆ ಸ್ಕೂಲಿಗೇ ಹೋಗಲ್ಲ, ವಾರಗಟ್ಟಲೆ ಪಾಠ ಹೋಗುತ್ತೆ.

ಸುಂಟಿಕೊಪ್ಪ_ಟೀಚರ್
ತಂಗಿ ನೀನು ಬರೆದಿದ್ದು ಒಳ್ಳೇದಾಯ್ತು. ಎರಡು ವಿಷ್ಯ ಬೇರೆ ಬೇರೆ ಇದೆ ಇದರಲ್ಲಿ.

ಪಾಠ ತಪ್ಪಿದ್ದನ್ನ ತುಂಬಿಸಿಕೊಡೋದು ನಿಮ್ಮಮ್ಮನ ಹೊಣೆ ಅಲ್ಲವೇ ಅಲ್ಲ, ನಿನ್ನ ಹೊಣೆನೂ ಅಲ್ಲ. ಆಗಲೇ ಹೇಳಿದ ಕಾಯ್ದೆ 24ನೇ ಸೆಕ್ಷನಲ್ಲೇ ಟೀಚರ್ ಪ್ರತಿ ಮಗುವಿನ ಕಲಿಕೆ ನೋಡಿ ಬೇಕಾದ್ರೆ ಹೆಚ್ಚುವರಿ ಪಾಠ ಕೊಡಬೇಕು, ಪೋಷಕರ ಜೊತೆ ಆಗಾಗ ಸಭೆ ಮಾಡಿ ಮಗು ಹೇಗಿದೆ ಅಂತ ಹೇಳಬೇಕು ಅಂತ ಇದೆ. ಅಮ್ಮನಿಗೆ ಕೂಲಿ ಬಿಟ್ಟು ಹೋಗೋಕೆ ಆಗದಿದ್ರೆ ನೀನು ಹೋಗಿ ಕೂತು ಮಾತಾಡು. ಆನೆ ಇದ್ದಾಗ ಬರೋಕೆ ಆಗಲಿಲ್ಲ, ಈ ಪಾಠಗಳು ತಪ್ಪಿವೆ ಅಂತ ಬರೆದುಕೊಂಡು ಹೋಗು. ಜಗಳ ಬೇಡ, ಹೆಚ್ಚಿನ ಟೀಚರ್‌ಗಳು ಕೇಳಿದ್ರೆ ಮಾಡ್ತಾರೆ, ಕೇಳೋರೇ ಇರಲ್ಲ.

ಮನೇಲಿ ಆಗೋದು ಅಂದ್ರೆ, ತಮ್ಮ ಜೋರಾಗಿ ಓದಲಿ, ಅಮ್ಮ ಒಲೆ ಮುಂದೆ ಕೂತು ಕೇಳಲಿ, ಆಮೇಲೇನಾಯ್ತು ಅಂತ ಕೇಳಲಿ, ಅಷ್ಟೇ. ಅಮ್ಮನಿಗೆ ಅರ್ಥ ಆಗೋ ಭಾಷೇಲಿ ಕಥೆ ತಿರುಗಿಸಿ ಹೇಳೋವಾಗ ಅವನಿಗೇ ಗೊತ್ತಾಗುತ್ತೆ ಎಲ್ಲಿ ಅರ್ಥ ಆಗಿಲ್ಲ ಅಂತ. ಅಮ್ಮನಿಗೆ ಅಕ್ಷರ ಬೇಕಾಗಿಲ್ಲ ಇದಕ್ಕೆ. ಪುಸ್ತಕ ಬೇಕು ಅಂದ್ರೆ ಪಂಚಾಯ್ತಿ ಲೈಬ್ರರಿ ಇದೆ, ಅರಿವು ಕೇಂದ್ರ ಅಂತ ಬೋರ್ಡ್ ಹಾಕಿರ್ತಾರೆ, ಮಕ್ಕಳಿಗೆ ಮೆಂಬರ್‌ಶಿಪ್ ಫ್ರೀ. ಫೋನ್ ಇದ್ರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ದುಡ್ಡಿಲ್ಲದೆ ಸಿಗುತ್ತೆ, ಮಟ್ಟ ಒಂದು ಎರಡು ಅಂತ ಬೇರೆ ಮಾಡಿದ್ದಾರೆ.

ಶ್ರೀಮಂಗಲ_ತೋಟದವ
ಅಳತೆ ಲೆಕ್ಕ ಅಂದ್ರೆ ಕಾಫಿ ಬಿಟ್ಟು ಮಾತಾಡ್ತಿದ್ದೀರಲ್ಲ. ಮಕ್ಕಳಿಗೆ ಓಟಿ ಕಲಿಸಿ, ಅಂದ್ರೆ ಒಂದು ಮೂಟೆ ಒಣ ಕಾಫಿ ಹಣ್ಣಿಗೆ ಎಷ್ಟು ಕೆಜಿ ಬೀಜ ಬರುತ್ತೆ ಅನ್ನೋ ಲೆಕ್ಕ. ಒಣಗಿದ ಚೆರ್ರಿ 100 ಗ್ರಾಂ ತೂಗಿ, ಸಿಪ್ಪೆ ತೆಗೆದು ಬೀಜ ತೂಗಿ, 54 ಗ್ರಾಂ ಬಂದ್ರೆ 50 ಕೆಜಿ ಮೂಟೆಗೆ 27 ಕೆಜಿ, ಅದೇ ಔಟ್‌ಟರ್ನ್. ಕೆಜಿ ಬೀಜಕ್ಕೆ ರೇಟ್ 300 ಅಂತ ಇಟ್ಕೊಂಡ್ರೆ ಮೂಟೆಗೆ 8100. ಒಂದು ಪಾಯಿಂಟ್ ಓಟಿ ಕಮ್ಮಿ ಹೇಳಿದ್ರೆ ಮೂಟೆಗೆ 300 ಹೋಯ್ತು. ನನ್ನ ಮಗಳಿಗೆ ಶೇಕಡಾ ಲೆಕ್ಕ ಬಂದಿದ್ದೇ ಕಣದಲ್ಲಿ. ವ್ಯಾಪಾರಿ ಸ್ಯಾಂಪಲ್ ತೆಗೆಯೋವಾಗ ಪಕ್ಕದಲ್ಲಿ ನಿಂತು ಅವಳೂ ಲೆಕ್ಕ ಹಾಕ್ತಾಳೆ.

ಗೋಣಿಕೊಪ್ಪ_ಅಪ್ಪ
ಇದು ಸೂಪರ್ ಅಣ್ಣ. ಟೀಚರೇ ಪೈಪ್ ಲೆಕ್ಕ ಕೇಳಿದೆ ಮಗನ್ನ. ಆರು ತುಂಡು ಅಂದ, ಟೇಪ್ ಹಿಡಿದು ಗುರುತು ಹಾಕ್ಕೊಂಡು ಹೋಗಿ ಆರನೇದು ಸಾಲಲ್ಲ ಅಂತ ಅವನೇ ಹೇಳ್ದ. ಇನ್ನೊಂದು ಕೇಳ್ಬೇಕಿತ್ತು, ಹೇಳ್ಕೊಟ್ಟಿದ್ದು ಅವತ್ತು ಬರುತ್ತೆ, ವಾರ ಬಿಟ್ರೆ ಮರೆತುಹೋಗುತ್ತೆ. ಮಗ್ಗಿ ಅಂತೂ ಪ್ರತಿ ಸಲ ಹೊಸದಾಗಿ. ಏನ್ ಮಾಡೋದು?

ಸುಂಟಿಕೊಪ್ಪ_ಟೀಚರ್
ಮರೆಯೋದು ರೋಗ ಅಲ್ಲ ಅಣ್ಣ, ಎಲ್ರಿಗೂ ಹಾಗೇ. ಬಿ.ಎಡ್‌ನಲ್ಲಿ ಎಬ್ಬಿಂಗ್‌ಹೌಸ್ ಅಂತ ಜರ್ಮನಿಯವರ ಬಗ್ಗೆ ಓದ್ತೀವಿ, 1885ರಲ್ಲೇ ಅವರು ತಮ್ಮ ಮೇಲೇ ಪ್ರಯೋಗ ಮಾಡಿ ತೋರಿಸಿದ್ರು, ಕಲಿತಿದ್ದು ಮೊದಲ ಒಂದೆರಡು ದಿನದಲ್ಲೇ ಬೇಗ ಬೇಗ ಮರೆತುಹೋಗುತ್ತೆ, ಆಮೇಲೆ ನಿಧಾನ ಆಗುತ್ತೆ ಅಂತ. ಅದಕ್ಕೇ ಒಂದೇ ದಿನ ಕೂರ್ಸಿ ಏಳರ ಮಗ್ಗಿ ಇಪ್ಪತ್ತು ಸಲ ಬರೆಸೋದರಿಂದ ಕೈ ನೋವು ಬಿಟ್ರೆ ಹೆಚ್ಚೇನೂ ಸಿಗಲ್ಲ. ಇವತ್ತು ಹೇಳಿ, ನಾಳೆ ಬೈಕಲ್ಲಿ ಹೋಗ್ತಾ ಎರಡು ಪ್ರಶ್ನೆ, ಮೂರ್ನಾಲ್ಕು ದಿನ ಬಿಟ್ಟು ಇನ್ನೆರಡು, ಆಮೇಲೆ ವಾರ ಬಿಟ್ಟು. ಪುಸ್ತಕ ಮುಚ್ಚಿ ನೆನಪು ಮಾಡ್ಕೋಬೇಕು, ನೋಡಿ ಓದೋದಲ್ಲ. ಏಳೆಂಟ್ಲ ಮರೆತ್ರೆ ಏಳೇಳ್ಲ ನಲವತ್ತೊಂಬತ್ತು, ಅದಕ್ಕೆ ಇನ್ನೊಂದು ಏಳು ಸೇರಿಸು ಅಂತ ದಾರಿ ತೋರಿಸಿ, ಉತ್ತರ ಹೇಳಬೇಡಿ.

ಕುಶಾಲನಗರ_ಅಮ್ಮ
ಟೀಚರೇ, ಮೇಲೆ ಜೋರಾಗಿ ಬರೆದಿದ್ದೆ, ನೀವು ಸಮಾಧಾನವಾಗಿ ಉತ್ತರ ಕೊಟ್ರಿ. ಆದ್ರೂ ಒಂದು ಪ್ರಶ್ನೆ ಉಳಿದಿದೆ. ಈ ಅರ್ಧ ಗಂಟೆ ಯಾವಾಗ್ಲೂ ಅಮ್ಮಂದೇ ಯಾಕೆ? ಇಲ್ಲಿ ಒಬ್ಬ ಅಪ್ಪ ಬಿಟ್ರೆ ಎಲ್ಲ ಅಮ್ಮಂದಿರೇ ಕೇಳ್ತಿದ್ದಾರೆ.

ಸುಂಟಿಕೊಪ್ಪ_ಟೀಚರ್
ಇದನ್ನ ನಾನೇ ಬರೀಬೇಕು ಅಂತಿದ್ದೆ. ನಮ್ಮ ಮನೇಲಿ ಭಾಷೆ ಓದಿಸೋದು ಅವರಪ್ಪ. ರಾತ್ರಿ ಊಟ ಆದ್ಮೇಲೆ ಕನ್ನಡ ಕಥೆ ಅವರೇ ಓದಿ ಹೇಳ್ತಾರೆ, ಮಗಳಿಗೆ ಓದೋಕೆ ಬಂದ್ರೂ ಓದಿ ಹೇಳೋದು ನಿಲ್ಲಿಸಿಲ್ಲ, ಯಾಕಂದ್ರೆ ತಾನೇ ಓದಿ ಅರ್ಥ ಮಾಡ್ಕೊಳ್ಳೋದಕ್ಕಿಂತ ಕಷ್ಟದ ಕಥೆ ಕೇಳಿ ಅರ್ಥ ಮಾಡ್ಕೊಳ್ತಾಳೆ, ಹೊಸ ಪದಗಳು ಹಾಗೇ ಬರೋದು. ಇದನ್ನ ನಾನು ಕೇಳಿ ಪಡೆದಿದ್ದು. ಕೆಲಸಕ್ಕೆ ಹೋಗೋ ಹೆಣ್ಣುಮಕ್ಕಳು ಮನೆ ಪಾಠನೂ ತಮ್ಮ ತಲೆ ಮೇಲೇ ಹಾಕ್ಕೊಂಡು ಮಗು ಹಿಂದೆ ಬಿದ್ರೆ ನಮ್ಮ ಡ್ಯೂಟಿಯಿಂದಲೇ ಅಂತ ಕೊರಗೋದು ನೋಡಿದ್ರೆ ನಂಗೆ ಸಂಕಟ ಆಗುತ್ತೆ. ಸಿಸ್ಟರ್, ನೈಟ್ ಡ್ಯೂಟಿ ವಾರ ಬೋರ್ಡ್ ಓದಿಸೋದು ಯಜಮಾನ್ರ ಕೆಲಸ ಅಂತ ನೇರವಾಗಿ ಹೇಳಿ.

ವಿರಾಜಪೇಟೆ_ಸಿಸ್ಟರ್
ಹೇಳಿದೆ ಅಕ್ಕ. ಒಪ್ಪಿದ್ದಾರೆ. ಗೋಣಿಕೊಪ್ಪ ಸಿದ್ದಾಪುರ ಈಗ ನಿಲ್ಲದೆ ಓದ್ತಾನೆ, ಪೊನ್ನಂಪೇಟೆಗೆ ಇನ್ನೂ ನ ಒತ್ತು ನೋಡಿ ತಡೀತಾನೆ. ಮೇಷ್ಟ್ರೆ ಅದಕ್ಕೇನು ಮಾಡ್ಲಿ?

ನಿವೃತ್ತ_ಮೇಷ್ಟ್ರು_ಸೋಮವಾರಪೇಟೆ
ಅನ್ನ, ಚಿನ್ನ, ಬೆನ್ನು, ಕೆನ್ನೆ, ಹಣ್ಣು. ಐದು ಪದ ಬರೆದು ಕೊಡಿ, ನಾಲ್ಕರಲ್ಲಿ ನ ಒತ್ತು, ಒಂದರಲ್ಲಿ ಣ ಒತ್ತು, ಬೇರೆ ಇರೋದು ಯಾವುದು ಅಂತ ಅವನೇ ಹುಡುಕಲಿ. ಹಾಗೇ ಇನ್ನೊಂದು ಮಾತು, ದೀಕ್ಷಾ ಆ್ಯಪಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಪಾಠದ ವಿಡಿಯೋ ಬರುತ್ತೆ, ಬೇಕಾಗಿದ್ದನ್ನ ಮೇ ತಿಂಗಳಲ್ಲೇ ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ. ಜುಲೈಯಲ್ಲಿ ಡಿಸಿ ರಜೆ ಕೊಟ್ಟಾಗ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ.

ಲೈನ್‌ಮನೆ_ಹುಡುಗಿ
ಟೀಚರೇ ನಿನ್ನೆ ತಮ್ಮನ ಸ್ಕೂಲಿಗೆ ಹೋಗಿ ಬಂದೆ. ತಪ್ಪಿದ ಪಾಠದ ಪಟ್ಟಿ ಬರೆದುಕೊಂಡು ಹೋಗಿದ್ದೆ. ಅವರ ಟೀಚರ್ ಅದನ್ನ ಇಟ್ಕೊಂಡ್ರು, ಮಧ್ಯಾಹ್ನ ಊಟ ಆದ್ಮೇಲೆ ಸ್ವಲ್ಪ ಹೊತ್ತು ಅವನನ್ನ ಮತ್ತೆ ಅವನ ಥರ ತಪ್ಪಿಸಿಕೊಂಡ ಬೇರೆ ಮಕ್ಕಳನ್ನ ಕೂರಿಸ್ತೀನಿ ಅಂದ್ರು. ಭಾಗಾಕಾರದಿಂದ ಶುರು ಮಾಡ್ತಾರಂತೆ.